ಟೀಚರ್, ಇದು ಇರುವೆ ಅಲ್ಲ

ನಮ್ಮ ಶಾಲೆಯ ಹಿಂದುಗಡೆ, ಬಿಸಿಯೂಟದ ಅಡುಗೆ ಕೋಣೆಯ ಆಚೆ, ಐದು ತೆಂಗಿನ ಮರಗಳಿವೆ. ಕೆಲವು ವರ್ಷಗಳ ಹಿಂದೆ, ಫೆಬ್ರವರಿ ತಿಂಗಳಿರಬೇಕು, ಅವುಗಳಲ್ಲಿ ಮೂರು ಮರಗಳ ಕೆಳಗಿನ ಮಡಲುಗಳು ಬೆಂಕಿ ತಾಗಿದ ಹಾಗೆ ಕಂದಿ ಹೋದವು. ದೂರದಿಂದ ನೋಡಿದರೆ ಯಾರೋ ಮರದ ಬುಡದಲ್ಲಿ ತರಗೆಲೆ ಸುಟ್ಟಿದ್ದಾರೆ ಅನ್ನಿಸಬೇಕು, ಹಾಗೆ.

ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಮಡಲು ದೊಪ್ಪನೆ ಬಿತ್ತು. ಮಕ್ಕಳು ಸುಮ್ಮನಿರುತ್ತಾರೆಯೇ? ಅರ್ಧ ಗಂಟೆಯೊಳಗೆ ಆರನೆಯ ತರಗತಿಯವರು ಗರಿಗಳನ್ನೆಲ್ಲ ಕಿತ್ತು ತಿರುವಿ ನೋಡಿದ್ದರು. ಗರಿಯ ಅಡಿಭಾಗದಲ್ಲಿ ಜೇಡರ ಬಲೆಗೆ ಮರದ ಪುಡಿ ಮೆತ್ತಿದ ಹಾಗೆ ಉದ್ದುದ್ದ ಸುರಂಗಗಳು. ಬಿಡಿಸಿದರೆ ಒಳಗೆ ಕಪ್ಪು ತಲೆಯ, ಮೈಮೇಲೆ ಕಂದು ಗೆರೆಗಳ ಹುಳ. ತೆಂಗು ಬೆಳೆಸುವ ಮನೆಯ ಮಕ್ಕಳಿಗೆ ಅದರ ಪರಿಚಯ ಇತ್ತು. ತೆಂಗಿನ ಕಪ್ಪು ತಲೆ ಹುಳ. ತನ್ನ ಹಿಕ್ಕೆಯನ್ನೇ ನೂಲಿನಲ್ಲಿ ಹೆಣೆದು ಮನೆ ಕಟ್ಟಿಕೊಂಡು, ಅದರೊಳಗೆ ಕೂತು ಗರಿಯ ಹಸಿರನ್ನು ಕೆರೆದು ತಿನ್ನುವ ಪ್ರಾಣಿ.

ಒಬ್ಬಳು ಹುಡುಗಿ ಒಂದು ತುಂಡು ಗರಿಯನ್ನು ಎರಡೂ ಕೈಯಲ್ಲಿ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಮಾತು ಕಡಿಮೆಯ ಹುಡುಗಿ. ಸುರಂಗದ ಒಳಗೆ ಒಂದು ಹುಳ ಅಲ್ಲಾಡದೆ ಬಿದ್ದಿತ್ತು. ಅದರ ಪಕ್ಕದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಕಪ್ಪು ಜೀವಿಯೊಂದು ಕೂತಿತ್ತು.

"ಇದೆಂತ ಟೀಚರ್?"

"ಇರುವೆ. ಹುಳ ತಿನ್ಲಿಕ್ಕೆ ಬಂದದ್ದು" ಅಂದೆ. ಹೇಳಿದ್ದು ಮಾತ್ರ ಅಲ್ಲ, ಹುಳವನ್ನು ಸರಿಯಾಗಿ ತೋರಿಸುವುದಕ್ಕೆಂದು ಆ "ಇರುವೆ"ಯನ್ನು ಪೆನ್ನಿನ ತುದಿಯಿಂದ ಆಚೆ ತಳ್ಳಿಬಿಟ್ಟೆ. ಅದು ಓಡಿ ಹೋಗಲಿಲ್ಲ. ಸುತ್ತಿ ಬಂದು ಮತ್ತೆ ಹುಳದ ಹತ್ತಿರ ನಿಂತಿತು. ಮತ್ತೆ ತಳ್ಳಿದೆ. ಮೇಜಿನಿಂದ ಕೆಳಗೆ ಬಿತ್ತು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಟೀಚರ್, ಇದು ಇರುವೆ ಅಲ್ಲ ಅಂತ ಕಾಣ್ತದೆ. ಇರುವೆಯ ಸೊಂಟದಲ್ಲಿ ಒಂದು ಗಂಟು ಉಂಟಲ್ಲ? ಇದಕ್ಕೆ ಇರ್ಲಿಲ್ಲ. ಮತ್ತೆ ರೆಕ್ಕೆ ಇತ್ತು" ಅಂದಳು.

"ರೆಕ್ಕೆಯ ಇರುವೆಯೂ ಇರ್ತದೆ ಮಾರಾಯ್ತಿ" ಅಂತ ಕಳಿಸಿದೆ. ಬೆಲ್ಲು ಬೇರೆ ಹೊಡೆದಿತ್ತು.

ಆ ವಾರವೇ ಶಾಲೆಯಲ್ಲಿ ಪಿ.ಟಿ.ಎ. ಸಭೆ ಇತ್ತು. ಮರಗಳ ವಿಷಯ ಬಂತು. ಅಡಿಕೆಗೆ ಮದ್ದು ಬಿಡುವ ಕೆಲಸ ಮಾಡುವ ತಂದೆಯೊಬ್ಬರು, "ನಾನೇ ಬಂದು ಒಂದು ಮದ್ದು ಹೊಡೆದು ಕೊಡ್ತೇನೆ ಟೀಚರ್, ದುಡ್ಡು ಬೇಡ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನಮ್ಮ ಕಾಸರಗೋಡಿನಲ್ಲಿ ಶಾಲೆಯ ಮೇಲೆ ಮದ್ದು ಅಂದರೆ ಕೂತವರ ಮುಖ ಒಮ್ಮೆ ಬದಲಾಗುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ನಿಂತದ್ದು 2000ದ ಕೊನೆಗೆ. ಅದರ ನೋವು ಇನ್ನೂ ಮನೆಮನೆಗಳಲ್ಲಿ ಮಲಗಿದೆ. ಹಾಗಾಗಿ ಯಾರೂ ಹೂಂ ಅನ್ನಲಿಲ್ಲ, ಉಹುಂ ಅನ್ನಲೂ ಇಲ್ಲ. "ಟೀಚರ್ ವಿಜ್ಞಾನದವರು, ಅವರು ನೋಡಿ ಹೇಳಲಿ" ಅಂತ ನನ್ನ ತಲೆಗೆ ಬಂತು.

ನಮ್ಮ ಊರಿಗೆ ಒಂದು ಭಾಗ್ಯ ಇದೆ. ತೆಂಗಿನ ಬಗ್ಗೆ ಏನು ಸಂಶಯ ಬಂದರೂ ದೂರ ಹೋಗಬೇಕಾಗಿಲ್ಲ. 1916ರಲ್ಲಿ ಒಂದು ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾಗಿ, 1970ರಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಆದದ್ದು ಇಲ್ಲೇ ಇದೆ, ನಾವೆಲ್ಲ ಸಿಪಿಸಿಆರ್‌ಐ ಅನ್ನುವುದು. ಕಪ್ಪು ತಲೆ ಹುಳದ ಬಗ್ಗೆ ಒಂದು ಪುಸ್ತಿಕೆ ಸಿಕ್ಕಿತು. ಅದರ ಮಧ್ಯದ ಪುಟದಲ್ಲಿ ಚಿತ್ರ. ಅಲ್ಲಾಡದೆ ಬಿದ್ದ ಹುಳ, ಪಕ್ಕದಲ್ಲಿ ನಾನು ಪೆನ್ನಿನಿಂದ ತಳ್ಳಿದ ಅದೇ "ಇರುವೆ".

ಗೋನಿಯೋಜಸ್ ನೆಫಾಂಟಿಡಿಸ್. ಬೆಥಿಲಿಡೇ ಎಂಬ ಕುಟುಂಬದ ಕಣಜ. ಹೆಣ್ಣು ಕಣಜ ಸುರಂಗದೊಳಗೆ ನುಗ್ಗಿ ಹುಳವನ್ನು ಕುಟುಕಿ ಮೈಮರೆಸುತ್ತದೆ, ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಬಂದ ಮರಿಗಳು ಹುಳವನ್ನು ಹೊರಗಿನಿಂದಲೇ ಹೀರಿ ಬೆಳೆಯುತ್ತವೆ. ಅಷ್ಟು ದಿನವೂ ತಾಯಿ ಅಲ್ಲೇ ಕಾವಲು ಕೂರುತ್ತದೆ. ಅದಕ್ಕೇ ತಳ್ಳಿದರೂ ತಿರುಗಿ ಬಂದದ್ದು...

ಮರುದಿನ ಆ ಹುಡುಗಿಯನ್ನು ಕರೆದು, "ನೀನು ಹೇಳಿದ್ದೇ ಸರಿ, ಅದು ಇರುವೆ ಅಲ್ಲ" ಅಂದೆ. ಅವಳು ನಗಲೂ ಇಲ್ಲ. "ಹಾಗಾದರೆ ಇನ್ನು ಉಂಟಾ ನೋಡುವ ಟೀಚರ್" ಅಂದಳು.

ಮದ್ದು ಬೇಡ ಎಂದು ತೀರ್ಮಾನ ಆಯಿತು. ಹೆಚ್ಚು ಹಾಳಾದ ಕೆಳಗಿನ ಮಡಲುಗಳನ್ನು ಕಡಿದು ಸುಡುವುದು ಪುಸ್ತಿಕೆಯಲ್ಲಿದ್ದ ಕ್ರಮ. ಸುಡುವ ಮೊದಲು ಮಕ್ಕಳು ಸುರಂಗಗಳನ್ನೆಲ್ಲ ಬಿಡಿಸಿ, ಹುಳ ಕೋಶವಾದದ್ದು ಸಿಕ್ಕಿದರೆ ಹಾರ್ಲಿಕ್ಸ್ ಬಾಟಲಿಗೆ ಹಾಕಿ, ಬಾಯಿಗೆ ಹಳೆಯ ಮುಂಡಿನ ತುಂಡು ಕಟ್ಟಿದರು. ಚಿಟ್ಟೆ (ಪತಂಗ ಅನ್ನಬೇಕು) ಹೊರಬಂದರೆ ಹುಳದ ಗೆಲುವು, ಕಣಜ ಹೊರಬಂದರೆ ನಮ್ಮ ಗೆಲುವು. ಲೆಕ್ಕ ಇಡಲು ಗೋಡೆಯಲ್ಲಿ ಒಂದು ಕಾಗದ.

ಇಲ್ಲಿ ಮಾತಿನ ಒಂದು ತೊಡಕು ಬಂತು. "ಕಣಜ" ಅಂದ ಕೂಡಲೇ ಒಬ್ಬ, "ಭತ್ತ ತುಂಬಿಸುವುದಾ ಟೀಚರ್?" ಅಂದ. ಅವನ ತಪ್ಪಲ್ಲ. ಅವನ ಅಜ್ಜನ ಮನೆಯಲ್ಲಿ ಅದೇ ಕಣಜ ಇರುವುದು. ಮಲಯಾಳದಲ್ಲಿ "ಕಡನ್ನಲ್" ಅಂದಾಗ ಅರ್ಧ ತರಗತಿಗೆ ಅರ್ಥವಾಯಿತು, ಅವರೆಲ್ಲ ಒಮ್ಮೆಯಾದರೂ ಕಚ್ಚಿಸಿಕೊಂಡವರು! ಇನ್ನು "ಪರತಂತ್ರ ಜೀವಿ". ಹೇನು, ಉಣುಗು ಇವು ಪರೋಪಜೀವಿಗಳು, ನಮ್ಮ ರಕ್ತ ಕುಡಿದರೂ ನಮ್ಮನ್ನು ಉಳಿಸುತ್ತವೆ. ಈ ಕಣಜದ ಮರಿ ತಾನು ಬೆಳೆದು ಮುಗಿಯುವ ಹೊತ್ತಿಗೆ ಆಶ್ರಯ ಕೊಟ್ಟ ಹುಳವನ್ನು ಮುಗಿಸಿಯೇ ಬಿಡುತ್ತದೆ. ಆ ವ್ಯತ್ಯಾಸಕ್ಕೆ ಕೃಷಿಯವರು ಕನ್ನಡದಲ್ಲಿ ಇಟ್ಟುಕೊಂಡ ಹೆಸರು ಪರತಂತ್ರ ಜೀವಿ. ಮಕ್ಕಳಿಗೆ ಹೆಸರು ಹಿಡಿಸಲಿಲ್ಲ. "ಅದು ಸ್ವತಂತ್ರವಾಗಿಯೇ ಹಾರ್ತದಲ್ಲ ಟೀಚರ್" ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ದೊಡ್ಡದಾದ ಮೇಲೆ ಅದು ಸ್ವತಂತ್ರವೇ ಹೌದು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೆನ್ಸ್ ಕೊಂಡೆ. ಅಂಥದ್ದು ಒಂದು ಶಾಲೆಯಲ್ಲಿದ್ದರೆ ಎಷ್ಟು ಕಾಣುತ್ತದೆ ಗೊತ್ತಾ? ನಾವು ಕಲಿತದ್ದನ್ನು ಹೇಳುತ್ತೇನೆ, ನಿಮ್ಮ ಮಕ್ಕಳಿಗೂ ಉಪಯೋಗಕ್ಕೆ ಬರಲಿ.

ಮೊದಲು ರೆಕ್ಕೆ. ನೊಣಕ್ಕೆ ಒಂದೇ ಜೊತೆ, ಕಣಜಕ್ಕೆ ಎರಡು ಜೊತೆ. ಆದರೆ ಹಿಂದಿನ ಜೊತೆ ಚಿಕ್ಕದು, ಮುಂದಿನದಕ್ಕೆ ಸಣ್ಣ ಕೊಕ್ಕೆಗಳಿಂದ ಸಿಕ್ಕಿಸಿಕೊಂಡಿರುವುದರಿಂದ ಒಂದೇ ಎಂದು ಮೋಸ ಹೋಗುತ್ತೇವೆ. ಆಮೇಲೆ ಸೊಂಟ ಮತ್ತು ಮೀಸೆ. ಇರುವೆಯ ಸೊಂಟದಲ್ಲಿ ಒಂದೋ ಎರಡೋ ಗಂಟು, ಮೀಸೆ ಮೊಣಕೈಯ ಹಾಗೆ ಮಡಚಿದ್ದು, ಅದರ ಮೊದಲ ಗೆಣ್ಣು ಉದ್ದ. ಗೋನಿಯೋಜಸ್‌ಗೆ ಆ ಗಂಟು ಇಲ್ಲ. ತಲೆ ಚಪ್ಪಟೆ, ಮುಂದಕ್ಕೆ ಚಾಚಿದ ಹಾಗೆ. ಸುರಂಗದೊಳಗೆ ನುಗ್ಗುವವನಿಗೆ ಇನ್ನೆಂಥ ತಲೆ ಬೇಕು? ಹುಡುಗಿ ಬರಿಗಣ್ಣಿನಿಂದ ಕಂಡದ್ದು ಇದನ್ನೇ.

ಕೋಶದ ಬಾಟಲಿಯಿಂದ ಐದಾರು ದಿನದಲ್ಲಿ ಬೇರೆಯೇ ಒಂದು ಹೊರಬಂತು. ಕಪ್ಪು, ಗಟ್ಟಿ ಮೈ, ಮೈತುಂಬ ಸಣ್ಣ ಕುಳಿಗಳು, ಕಾಲಿನಲ್ಲಿ ಹಳದಿ ಪಟ್ಟಿ. ಹಿಂಗಾಲಿನ ತೊಡೆ ಮಾತ್ರ ಪೈಲ್ವಾನನದ್ದು! ಉಬ್ಬಿದ ತೊಡೆಯ ಕೆಳ ಅಂಚಿನಲ್ಲಿ ಗರಗಸದ ಹಾಗೆ ಹಲ್ಲುಗಳ ಸಾಲು, ಅದಕ್ಕೆ ಸರಿಯಾಗಿ ಬಾಗಿದ ಮೊಣಕಾಲು. ರೆಕ್ಕೆಯಲ್ಲಿ ನರಗಳೇ ಇಲ್ಲವೋ ಎಂಬಂತೆ ಮುಂದಿನ ಅಂಚಿನ ಉದ್ದಕ್ಕೂ ಒಂದೇ ಗೆರೆ. ಇದು ಚಾಲ್ಸಿಡಿಡೇ ಕುಟುಂಬ, ಬ್ರಾಕಿಮೇರಿಯಾ ಎಂಬ ಕುಲ. ಒಂದು ಕೋಶದಿಂದ ಒಂದೇ ಕಣಜ, ಕೋಶದ ತಲೆಯ ಕಡೆ ಒಂದು ತೂತು ಮಾಡಿಕೊಂಡು ಹೊರಗೆ.

ಈ ಗುರುತು ಬರಿಯ ಆಟಕ್ಕಲ್ಲ. ಗೋನಿಯೋಜಸ್ ಹುಡುಕುವುದು ಹುಳವನ್ನು. ಬ್ರಾಕಾನ್ ಬ್ರೆವಿಕಾರ್ನಿಸ್ ಎಂಬುದೂ ಹುಳವನ್ನೇ. ಎಲಾಸ್ಮಸ್ ಎಂಬ ಇನ್ನೊಂದು, ಹುಳ ತಿನ್ನುವುದು ನಿಲ್ಲಿಸಿ ಕೋಶವಾಗಲು ಹೊರಟಾಗ ಬರುತ್ತದೆ (ಅದರ ಹಿಂಗಾಲಿನ ಮೇಲೆ ಕಪ್ಪು ರೋಮಗಳು ವಜ್ರದ ಆಕಾರದ ಮನೆಗಳ ಹಾಗೆ ಜೋಡಿಸಿಕೊಂಡಿರುತ್ತವೆ, ರಂಗೋಲಿಯಂತೆ). ಬ್ರಾಕಿಮೇರಿಯಾಕ್ಕೆ ಕೋಶವೇ ಬೇಕು. ಅಂದರೆ ತೋಟದಲ್ಲಿ ಹುಳ ಯಾವ ಹಂತದಲ್ಲಿದೆ ನೋಡಿ ಆ ಹಂತದ ಕಣಜವನ್ನು ಬಿಡಬೇಕು. ಹುಳಗಳೆಲ್ಲ ಕೋಶವಾದ ಮೇಲೆ ಗೋನಿಯೋಜಸ್ ಬಿಟ್ಟರೆ ಮದುವೆ ಮುಗಿದ ಮೇಲೆ ವಾಲಗದವರು ಬಂದ ಹಾಗೆ.

ಲೆನ್ಸ್ ಕೈಗೆ ಬಂದ ಮೇಲೆ ಮಕ್ಕಳಿಗೆ ಎಲ್ಲ ಕಡೆ ಕಣಜವೇ. ಆಫೀಸಿನ ಕಿಟಕಿಯಲ್ಲಿ ಒಂದು ಕಪ್ಪು ಜೀವಿ, ಉದ್ದ ಕಾಲು, ನೀಲಿ ಕಣ್ಣು, ಹೊಟ್ಟೆ ಮಾತ್ರ ಯಾರೋ ಆಮೇಲೆ ಅಂಟಿಸಿದ ಪುಟ್ಟ ಬಾವುಟದ ಹಾಗೆ ಮೇಲಕ್ಕೂ ಕೆಳಕ್ಕೂ ಆಡುತ್ತಾ ಇರುತ್ತದೆ. ನಿಮ್ಮ ಮನೆಯ ಬಚ್ಚಲಿನಲ್ಲೂ ನೋಡಿರುತ್ತೀರಿ. ಚಪ್ಪಲಿ ತೆಗೆದುಕೊಳ್ಳಬೇಡಿ. ಇವೇನಿಯಾ ಎಂಬ ಅದು ಹುಡುಕುವುದು ಜಿರಲೆಯ ಮೊಟ್ಟೆಯ ಚೀಲವನ್ನು. ಒಂದು ಚೀಲದಲ್ಲಿ ಒಂದು ಮೊಟ್ಟೆ ಇಟ್ಟರೆ ಅದರ ಮರಿ ಒಳಗಿನ ಜಿರಲೆ ಮೊಟ್ಟೆಗಳನ್ನೆಲ್ಲ ತಿಂದು ಮುಗಿಸುತ್ತದೆ.

ಕರಿಬೇವಿನ ಗಿಡದ ಹುಳದ ಪಕ್ಕ ಅಕ್ಕಿ ಚೆಲ್ಲಿದಂತೆ ಬಿಳಿ ಗೂಡುಗಳು ಕಂಡಾಗ "ಹುಳ ಮೊಟ್ಟೆ ಇಟ್ಟಿದೆ" ಅಂತ ಎಷ್ಟು ಸಲ ನಾನೇ ಹೇಳಿದ್ದೆನೋ. ಹುಳ ಮೊಟ್ಟೆ ಇಡುವುದಿಲ್ಲ, ಅದಿನ್ನೂ ಮಗು! ಅವು ಹುಳದ ಮೈ ಕೊರೆದು ಹೊರಬಂದ ಬ್ರಾಕೋನಿಡೇ ಕುಟುಂಬದ ಕಣಜಗಳ ರೇಷ್ಮೆ ಗೂಡು. ಅದರ ದೊಡ್ಡಪ್ಪನ ಮಕ್ಕಳಂಥ ಇನ್ನೊಂದು ಕುಟುಂಬ ಇಕ್ನ್ಯೂಮೊನಿಡೇ. ಇವೆರಡನ್ನು ಬೇರೆ ಮಾಡಲು ಮುಂದಿನ ರೆಕ್ಕೆ ನೋಡಬೇಕು. ಹೊರಗಿನ ಅರ್ಧದಲ್ಲಿ ಅಡ್ಡವಾಗಿ ಹಿಂದಕ್ಕೆ ಹರಿಯುವ ನರ ಎರಡಿದ್ದರೆ ಬಹುಮಟ್ಟಿಗೆ ಇಕ್ನ್ಯೂಮೊನಿಡೇ, ಒಂದೇ ಇದ್ದರೆ ಬ್ರಾಕೋನಿಡೇ. ಬಣ್ಣವನ್ನು ಮಾತ್ರ ನಂಬಬೇಡಿ. ಗದ್ದೆ ಬದಿಯ ಹಳದಿ ಮೈ ಕಪ್ಪು ಚುಕ್ಕೆಯ ಕಣಜ ಕಂಡರೆ ಕ್ಸಾಂತೊಪಿಂಪ್ಲಾ ಇರಬಹುದು. ಆದರೆ ಹಳದಿಗೆ ಕಪ್ಪು ಚುಕ್ಕೆ ಇರುವ ಅದರ ಜಾತಿಗಳೇ ಹಲವು.

ಇಷ್ಟು ಗೊತ್ತಿದ್ದವಳು ನಾನು ಮುಂದಿನ ತಪ್ಪು ಮಾಡಬಾರದಿತ್ತು.

ಆ ವರ್ಷ ಹುಡುಗಿ ಏಳನೆಯ ತರಗತಿ. ಉಪಜಿಲ್ಲಾ ಶಾಸ್ತ್ರಮೇಳಕ್ಕೆ "ನಮ್ಮ ಶಾಲೆಯ ತೆಂಗಿನ ಮರದ ಕಣಜಗಳು" ಅಂತ ಪ್ರಾಜೆಕ್ಟ್ ಮಾಡಿದಳು. ಬಾಟಲಿಯಲ್ಲಿ ತಾವಾಗಿ ಸತ್ತ ಕಣಜಗಳನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಮರದ ಬುಡದಲ್ಲೇ ಬಿಟ್ಟಿದ್ದೆವು. ಅವಳೇ ಚಿತ್ರ ಬಿಡಿಸಿದಳು, ತೊಡೆಯ ಹಲ್ಲುಗಳನ್ನು ಎಣಿಸಿ ಎಣಿಸಿ. ಕೆಳಗೆ ಅವಳು ಬರೆದದ್ದು, "ದಪ್ಪ ತೊಡೆಯ ಕಣಜ. ಕೋಶದಿಂದ ಬಂದದ್ದು."

ನನಗೆ ಅದು ಬಡವಾಗಿ ಕಂಡಿತು. ಇಂಗ್ಲಿಷ್ ಮೀಡಿಯಂ ಶಾಲೆಗಳ ಚಾರ್ಟು ಪಕ್ಕದಲ್ಲಿರುತ್ತದೆ, ಕನ್ನಡ ಶಾಲೆಯವರಿಗೆ ಏನೂ ಗೊತ್ತಿಲ್ಲ ಅಂದುಕೊಂಡಾರು ಎಂಬ ಹೆದರಿಕೆ. ಈ ಹೆದರಿಕೆ ನಮ್ಮ ಕಡೆಯ ಟೀಚರುಗಳಿಗೆಲ್ಲ ಗೊತ್ತಿರುವಂಥದ್ದೇ. ಅವಳು ಬರೆದದ್ದರ ಮೇಲೆ ಬಿಳಿ ಕಾಗದ ಅಂಟಿಸಿ ಪುಸ್ತಿಕೆ ನೋಡಿ ದಪ್ಪಕ್ಷರದಲ್ಲಿ ನಾನೇ ಬರೆದೆ: ಬ್ರಾಕಿಮೇರಿಯಾ ನೊಸಟೊಯ್.

ಮೌಲ್ಯಮಾಪನಕ್ಕೆ ಬಂದವರು ಚಾರ್ಟನ್ನು ಆಸಕ್ತಿಯಿಂದ ನೋಡಿದರು. ಚಿತ್ರ ತುಂಬಾ ಚೆನ್ನಾಗಿದೆ ಅಂದರು. ಆಮೇಲೆ ಆ ಹೆಸರಿನ ಮೇಲೆ ಬೆರಳಿಟ್ಟು ಮಲಯಾಳದಲ್ಲಿ ಕೇಳಿದರು, "ಇದ್ ನೊಸಟೊಯ್ ತನ್ನೆಯಾಣೆನ್ನ್ ಎಙ್ಙನೆ ಮನಸ್ಸಿಲಾಯಿ?" ಇದು ನೊಸಟೊಯ್ ಎಂದೇ ನಿನಗೆ ಹೇಗೆ ಗೊತ್ತಾಯಿತು?

ಅವಳಿಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ. ತೊಡೆಯ ಬಗ್ಗೆ ಕೇಳಿದ್ದರೆ, ರೆಕ್ಕೆಯ ಬಗ್ಗೆ ಕೇಳಿದ್ದರೆ ಹತ್ತು ನಿಮಿಷ ಹೇಳುತ್ತಿದ್ದಳು. ಈ ಪ್ರಶ್ನೆಗೆ ಉತ್ತರ ಅವಳಲ್ಲಿ ಇರಲಿಲ್ಲ, ಯಾಕೆಂದರೆ ಉತ್ತರ ನನ್ನಲ್ಲೂ ಇರಲಿಲ್ಲ. ಒಮ್ಮೆ ನನ್ನನ್ನು ನೋಡಿದಳು. "ಟೀಚರ್ ಬರೆದದ್ದು" ಅಂತ ಹೇಳಬಹುದಿತ್ತು. ಹೇಳಲಿಲ್ಲ. ತಲೆ ತಗ್ಗಿಸಿ ನಿಂತಳು. ಅವರು ಏನೋ ಬರೆದುಕೊಂಡು ಮುಂದೆ ಹೋದರು. ನಾನೇ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಬಸ್ಸಿನಲ್ಲಿ ಬರುವಾಗ ಇಬ್ಬರೂ ಮಾತಾಡಲಿಲ್ಲ.

ಕೊನೆಗೆ ಆ ಕಣಜಗಳನ್ನು ಸ್ಪಿರಿಟ್ ಹಾಕಿದ ಎರಡು ಸಣ್ಣ ಶೀಶೆಗಳಲ್ಲಿ ಕೀಟಶಾಸ್ತ್ರ ಓದಿದ ಪರಿಚಯದವರೊಬ್ಬರಿಗೆ ತೋರಿಸಿದೆ. ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿ ಅವರು ಹೇಳಿದ್ದು, ಬ್ರಾಕಿಮೇರಿಯಾ ಎಂಬಲ್ಲಿವರೆಗೆ ಸರಿ. ಒಂದು ಶೀಶೆಯದ್ದು ನೊಸಟೊಯ್ ಇರಬಹುದು. ಇನ್ನೊಂದರದ್ದು ಖಂಡಿತ ಅಲ್ಲ, ಹಿಂಗಾಲಿನ ಹಳದಿಯ ಹಂಚಿಕೆಯೇ ಬೇರೆ. ನನ್ನ ದಪ್ಪಕ್ಷರದ ಒಂದು ಹೆಸರಿನ ಕೆಳಗೆ ಎರಡು ಜಾತಿಗಳಿದ್ದವು! ಇದೇ ಹುಳದ ಕೋಶದಿಂದ ನೊಸಟೊಯ್, ನೆಫಾಂಟಿಡಿಸ್, ಲಾಸಸ್ ಹೀಗೆ ಬ್ರಾಕಿಮೇರಿಯಾದ ಬೇರೆ ಬೇರೆ ಜಾತಿಗಳು ಬರುವುದು ಮೊದಲೇ ದಾಖಲಾದ ವಿಷಯವಂತೆ. ಬೇರೆ ಮಾಡಲು ಹಳದಿ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ, ಮುಖದ ಏಣುಗಳು ಹೇಗಿವೆ, ಬೆನ್ನಿನ ಕುಳಿಗಳು ಎಷ್ಟು ಒತ್ತೊತ್ತಾಗಿವೆ ಎಂದೆಲ್ಲ ನೋಡಬೇಕು, ಹೆಸರು ಖಚಿತವಾದ ಮಾದರಿಯ ಜೊತೆ ಇಟ್ಟು ಹೋಲಿಸಬೇಕು.

ಅವರೇ ಇನ್ನೂ ಎರಡು ವಿಷಯ ಹೇಳಿದರು. ಈ ದಪ್ಪ ತೊಡೆಯ ಕುಟುಂಬದ ಮೇಲೆ ದೊಡ್ಡ ಗ್ರಂಥ ಬರೆದವರು ನಮ್ಮ ಕೇರಳದವರೇ, ಕಲ್ಲಿಕೋಟೆ ವಿಶ್ವವಿದ್ಯಾಲಯದ ಟಿ.ಸಿ. ನರೇಂದ್ರನ್, 1989ರಲ್ಲಿ. ಇನ್ನು ಕಬ್ಬಿನ ಗದ್ದೆಗೆ ಬಿಡುವ ಟ್ರೈಕೋಗ್ರಾಮ ಎಂಬ ಅರ್ಧ ಮಿಲಿಮೀಟರಿನ ಕಣಜದ ಜಾತಿಗಳಲ್ಲಿ ವಿಜ್ಞಾನಿಗಳೇ ಬಹಳ ಕಾಲ ಗೊಂದಲದಲ್ಲಿದ್ದರು. ಬಣ್ಣ, ಗಾತ್ರ ನೋಡಿ ಹೆಸರಿಟ್ಟು ತಪ್ಪುತ್ತಿದ್ದರು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಇಬ್ಬರೂ 1971ರಲ್ಲಿ, ಗಂಡು ಕಣಜದ ಜನನಾಂಗದ ರಚನೆ ನೋಡಿದರೆ ಜಾತಿಗಳನ್ನು ಭದ್ರವಾಗಿ ಬೇರೆ ಮಾಡಬಹುದು ಎಂದು ತೋರಿಸಿಕೊಟ್ಟರು. ಅರ್ಧ ಮಿಲಿಮೀಟರಿನ ಜೀವಿಯ ಒಳಗೆ, ಯೋಚಿಸಿ ನೋಡಿ.

ಅಂದ ಹಾಗೆ ನೆಫಾಂಟಿಡಿಸ್ ಎಂಬ ಹೆಸರಿನ ಕತೆಯೂ ಸ್ವಾರಸ್ಯದ್ದು. ಕಪ್ಪು ತಲೆ ಹುಳವನ್ನು ಹಿಂದೆ ನೆಫಾಂಟಿಸ್ ಅನ್ನುತ್ತಿದ್ದರು. ಅದರಿಂದ ಕಣಜಕ್ಕೆ ನೆಫಾಂಟಿಡಿಸ್ ಅಂತ ಹೆಸರು ಬಂತು. ಆಮೇಲೆ ಹುಳದ ಹೆಸರು ಒಪಿಸಿನಾ ಅರೆನೊಸೆಲ್ಲಾ ಎಂದಾಯಿತು. ಕಣಜ ಮಾತ್ರ ಹಳೆಯ ಹೆಸರನ್ನೇ ಹೊತ್ತುಕೊಂಡು ತಿರುಗುತ್ತಿದೆ, ಊರ ಹೆಸರು ಬದಲಾದರೂ ಮನೆತನದ ಹೆಸರು ಉಳಿದ ಹಾಗೆ.

ಮರುದಿನ ಅಸೆಂಬ್ಲಿಯಲ್ಲಿ ನಡೆದದ್ದನ್ನು ಎಲ್ಲ ಮಕ್ಕಳ ಮುಂದೆ ಹೇಳಿದೆ. ಚಾರ್ಟಿನಲ್ಲಿ ಹೆಸರು ಬರೆದದ್ದು ನಾನು, ಅವಳಲ್ಲ ಎಂದೂ ಹೇಳಿದೆ. ಸುಲಭವಾಗಿ ಹೇಳಿದೆ ಅಂತ ಅಂದುಕೊಳ್ಳಬೇಡಿ. ಮಧ್ಯಾಹ್ನ ಅವಳು ಬಂದು ನಾನು ಅಂಟಿಸಿದ ಬಿಳಿ ಕಾಗದವನ್ನು ನೀರು ಮುಟ್ಟಿಸಿ ನಿಧಾನವಾಗಿ ಎಬ್ಬಿಸಿದಳು. ಅಡಿಯಲ್ಲಿದ್ದ ಅವಳ ಬರಹ ಸ್ವಲ್ಪ ಮಸುಕಾಗಿತ್ತು. ಅದನ್ನೇ ಮತ್ತೆ ತಿದ್ದಿ, ಮುಂದೆ ಬ್ರಾಕಿಮೇರಿಯಾ ಅಂತ ಸೇರಿಸಿ, ಪೆನ್ನು ಹಿಡಿದು ನನ್ನ ಮುಖ ನೋಡಿದಳು. "ಜಾತಿ ಎಂತ ಬರೆಯುವುದು ಟೀಚರ್?"

"ನೀನೇ ಹೇಳು."

"ಎರಡು ಜಾತಿ ಉಂಟು, ಯಾವುದು ಅಂತ ಇನ್ನೂ ನೋಡ್ಲಿಕ್ಕುಂಟು ಅಂತ ಬರೀತೇನೆ" ಅಂದಳು, ಬರೆದಳು.

ಆ ಚಾರ್ಟು ಇನ್ನೂ ನಮ್ಮ ಲ್ಯಾಬಿನ ಗೋಡೆಯಲ್ಲಿದೆ. ಮರಗಳಲ್ಲಿ ಮುಂದಿನ ವರ್ಷ ಹಸಿರು ಮಡಲು ಬಂತು. ಕಣಜದಿಂದಲೋ, ಮಡಲು ಕಡಿದದ್ದರಿಂದಲೋ, ಆ ವರ್ಷದ ಒಳ್ಳೆಯ ಮಳೆಯಿಂದಲೋ ಅಂತ ಮಕ್ಕಳು ಕೇಳುತ್ತಾರೆ. ಮೂರನ್ನೂ ಬೋರ್ಡಿನಲ್ಲಿ ಬರೆಯುತ್ತೇನೆ. ಈ ಸಲ ಫೆಬ್ರವರಿಯಲ್ಲಿ ಅಡುಗೆ ಕೋಣೆಯ ಬದಿಯ ಮರದಲ್ಲಿ ಎರಡು ಗರಿ ಮತ್ತೆ ಕಂದಿದ್ದು ಕಂಡಿತು. ಐದನೆಯವರು ಆಗಲೇ ಲೆನ್ಸ್ ಕೇಳಿಕೊಂಡು ಬಂದಿದ್ದರು.